ಹೂವಿನ ಪಂಚಾಂಗ

ಮನೆಯ ಮುಂದೆ ಯಾವ ಮರ ನೆಡಬೇಕೆಂಬುದು ಚರಿತ್ರೆಗೆ ಸೇರಿದ ಪ್ರಶ್ನೆಯೆಂದು ನನಗೆ ಬಹುಕಾಲ ಅನ್ನಿಸಿರಲಿಲ್ಲ. ಅದು ಮನೆಯಾಕೆಗೆ, ಹೆಚ್ಚೆಂದರೆ ವಾಸ್ತು ಹೇಳುವವರಿಗೆ ಬಿಟ್ಟ ವಿಷಯವೆಂದು ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ, ಮುಂಗಾರಿಗೆ ಮುಂಚೆ ಬರುವ ಆ ಹುಚ್ಚು ಗಾಳಿ ಬೀಸಿ, ನಮ್ಮ ಮನೆಯ ಗುಲ್‌ಮೊಹರ್ ಮರ ಬುಡಸಮೇತ ಉರುಳಿತು. ಮೂವತ್ತು ವರ್ಷದ ಮರ. ನಾನೇ ಕೈಯಾರೆ ನೆಟ್ಟದ್ದು. ಕಾಂಪೌಂಡಿನ ಗೋಡೆಯನ್ನು ಮುರಿದು, ಮೈತುಂಬ ಕೆಂಪು ಹೂ ಹೊತ್ತುಕೊಂಡೇ ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಬೇರನ್ನು ನೋಡಿದರೆ ಒಂದು ಮೊಳಕ್ಕಿಂತ ಆಳಕ್ಕೆ ಇಳಿದೇ ಇರಲಿಲ್ಲ. ತಟ್ಟೆಯಂತೆ ಅಗಲಕ್ಕೆ ಹರಡಿತ್ತು. ಕೊಂಬೆಗಳನ್ನು ಕಡಿಯಲು ಬಂದ ಆಳು ಗರಗಸವನ್ನು ಕೆಳಗಿಟ್ಟು, "ಹೂವಿಗೆ ಆಸೆಪಟ್ಟು ನೆಟ್ಟಿದ್ದೀರಿ ಸ್ವಾಮಿ, ನಿಲ್ಲೋ ಮರ ಅಲ್ಲ ಇದು" ಎಂದ. ಆ ಮಾತು ನನ್ನನ್ನು ಚುಚ್ಚಿತು. ನಿಜವೇ, ಹೂವಿಗೆ ಆಸೆಪಟ್ಟೇ ನೆಟ್ಟಿದ್ದೆ. ಆದರೆ ವಸಂತದಲ್ಲಿ ನಮ್ಮ ಬೀದಿಯಲ್ಲಿ ಈ ಹೂವೇ ಇರಬೇಕೆಂಬ ಆಸೆ ನನ್ನೊಳಗೆ ಹುಟ್ಟಿದ್ದು ಎಲ್ಲಿಂದ? ಬೆಂಗಳೂರಿನಲ್ಲಿ ಬಾಳಿದ ಎಷ್ಟೋ ಜನರಂತೆ ನನಗೂ ಆ ಆಸೆಯನ್ನು ಯಾರೋ ಕಲಿಸಿದ್ದರು. ಅದು ಯಾರೆಂದು ಹುಡುಕುತ್ತಾ ಹೋದಾಗ ದೊರೆತ ಕೆಲವು ಸಂಗತಿಗಳನ್ನು ನಿಮ್ಮೆದುರು ಇಡುತ್ತೇನೆ.

ನಮ್ಮ ಕವಿಗಳಿಂದಲೇ ಪ್ರಾರಂಭಿಸೋಣ. ಮಹಾಕಾವ್ಯವೆಂದ ಮೇಲೆ ಹದಿನೆಂಟು ವರ್ಣನೆಗಳು ಇರಬೇಕು. ಅವುಗಳಲ್ಲಿ ಋತುವಿನದೊಂದು, ಉದ್ಯಾನದ್ದೊಂದು. ಪಂಪನ ಬನವಾಸಿಯಿಂದ ಮೊದಲುಗೊಂಡು ಕನ್ನಡದಲ್ಲಿ ವಸಂತಕ್ಕೆ ಎಂದೂ ಬರಗಾಲ ಬಂದದ್ದಿಲ್ಲ. ಮಾವು ಚಿಗುರುತ್ತದೆ, ಸಂಪಗೆ ಅರಳುತ್ತದೆ, ಸುರಗಿ, ಪಾದರಿ, ಮಲ್ಲಿಗೆ ಎಲ್ಲವೂ ಒಂದೇ ತೋಟದಲ್ಲಿ, ಒಂದೇ ಮುಹೂರ್ತದಲ್ಲಿ ಬಿರಿಯುತ್ತವೆ. ಮರವನ್ನು ಹೂಬಿಡಿಸುವ ಉಪಾಯವೂ ಅವರಿಗೆ ತಿಳಿದಿತ್ತು. ದೋಹದವೆಂದು ಅದಕ್ಕೆ ಹೆಸರು: ಸುಂದರಿಯೊಬ್ಬಳು ಅಂದುಗೆ ತೊಟ್ಟ ಕಾಲಿನಿಂದ ಒದ್ದರೆ ಅಶೋಕ ಅರಳುತ್ತದೆ, ಬಾಯಲ್ಲಿ ತುಂಬಿಕೊಂಡ ಮದ್ಯವನ್ನು ಉಗುಳಿದರೆ ಬಕುಲ ಅರಳುತ್ತದೆ. ಕವಿಸಮಯವೆಂದು ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಅದರ ಹಿಂದೆ ಒಂದು ಒಪ್ಪಿಗೆ ಇರುವುದನ್ನು ಗಮನಿಸಬೇಕು. ಮರ ತಾನಾಗಿ ಅರಳುವುದು ಬೇರೆ, ನಮಗೆ ಬೇಕಾದ ದಿನ ಅರಳುವುದು ಬೇರೆ. ಎರಡರ ನಡುವಿನ ಅಂತರವನ್ನು ತುಂಬಲು ಮನುಷ್ಯ ಏನನ್ನಾದರೂ ಮಾಡಬೇಕು ಎಂಬ ಒಪ್ಪಿಗೆ ಅದು. ಕವಿ ಆ ಅಂತರವನ್ನು ಒಂದು ಕಾಲಿನ ಪೆಟ್ಟಿನಿಂದ ದಾಟಿದ. ತೋಟಗಾರ ಹಾಗೆ ದಾಟಲಾರ. ಅವನು ಯಾವ ಮರ ಯಾವ ವಾರದಲ್ಲಿ ಅರಳುತ್ತದೆಂದು ವರ್ಷಗಟ್ಟಲೆ ನೋಡಿ, ಆಮೇಲೆ ಅದರ ಪಕ್ಕಕ್ಕೆ ಮುಂದಿನ ವಾರದ ಮರವನ್ನು ತಂದಿಡಬೇಕು.

ಬೆಂಗಳೂರಿನಲ್ಲಿ ಹಾಗೆ ತಂದಿಟ್ಟ ಕೀರ್ತಿ ಒಬ್ಬ ಜರ್ಮನ್ ತೋಟಗಾರನಿಗೆ ಸಲ್ಲುತ್ತದೆ. ಗುಸ್ತಾವ್ ಹರ್ಮನ್ ಕೃಂಬಿಗಲ್ ಎಂದು ಅವರ ಹೆಸರು. 1865ರಲ್ಲಿ ಸ್ಯಾಕ್ಸನಿ ಪ್ರಾಂತದ ಡ್ರೆಸ್‌ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ ಹುಟ್ಟಿದರು. ತೋಟದ ಕೆಲಸ ಕಲಿತು, ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದರು. 1893ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ಸೇವೆಗೆಂದು ಭಾರತಕ್ಕೆ ಬಂದವರು ಮತ್ತೆ ತಮ್ಮ ದೇಶದಲ್ಲಿ ನೆಲೆಸಲಿಲ್ಲ. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ ಅವರನ್ನು ಲಾಲ್‌ಬಾಗಿಗೆ ಕರೆಸಿಕೊಂಡಿತು. ಆಗ ಅವರಿಗೆ ನಲವತ್ತೆರಡು ವರ್ಷ.

ಅವರು ಬಂದಾಗ ಲಾಲ್‌ಬಾಗ್ ಹೊಸದಾಗಿರಲಿಲ್ಲ. 1760ರಲ್ಲಿ ಹೈದರಾಲಿ ಹಾಕಿಸಿ, ಟಿಪ್ಪು ಬೆಳೆಸಿದ ತೋಟ ಅದು. ಕಂಪನಿಯ ಆಳ್ವಿಕೆಯಲ್ಲಿ ಹಲವು ಕೈ ಬದಲಾಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವೆನಿಸಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರನ್ ಎಂಬ ಮಹನೀಯರ ಕಾಲದಲ್ಲಿ ಗಾಜಿನ ಮನೆ ಎದ್ದಿತು. ಹೊರದೇಶಗಳ ಎಷ್ಟೋ ಗಿಡಗಳು ಬಂದವು. ನಮ್ಮ ಅಡುಗೆಮನೆಯ ಸೀಮೆಬದನೆ ಬೆಂಗಳೂರಿಗೆ ಬಂದುದೂ ಕ್ಯಾಮರನ್ನರಿಂದಲೇ ಎನ್ನುತ್ತಾರೆ. ಪಕ್ಕದ ತಮಿಳುನಾಡಿನವರು ಅದನ್ನು ಇಂದಿಗೂ ಬೆಂಗಳೂರು ಬದನೆಯೆಂದೇ ಕರೆಯುವುದು. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಒಂದು ಪುಸ್ತಕಕ್ಕೆ ಹೆಸರಿಟ್ಟರು. ಹೊಟ್ಟೆಯಲ್ಲಿ ಮಾತ್ರವೇ ಏಕೆ, ನಮ್ಮ ಕಣ್ಣಿನಲ್ಲಿಯೂ ದಕ್ಷಿಣ ಅಮೆರಿಕ ತುಂಬಿದೆಯೆಂದು ನಾನು ಅದಕ್ಕೆ ಸೇರಿಸುವ ಧೈರ್ಯ ಮಾಡುತ್ತೇನೆ.

ಕೃಂಬಿಗಲ್ಲರು ಹೂಗಿಡಗಳ ಮನುಷ್ಯ ಮಾತ್ರ ಆಗಿರಲಿಲ್ಲ. ಬೀಜ ಮತ್ತು ಸಸಿಗಳ ವಿನಿಮಯಕ್ಕಾಗಿ ಪರದೇಶಗಳ ಉದ್ಯಾನಗಳೊಡನೆ ಸಂಬಂಧ ಬೆಳೆಸಿದರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟುವುದಕ್ಕೆ ಕಾರಣರಾದರು. ಕಟ್ಟಡಗಳ, ಊರಿನ ಬಡಾವಣೆಗಳ ವಿನ್ಯಾಸದಲ್ಲಿ ಸಲಹೆ ಕೊಟ್ಟರು. ಕೃಷ್ಣರಾಜಸಾಗರದ ಬೃಂದಾವನದ ರೂಪರೇಖೆಯಲ್ಲಿಯೂ ಅವರ ಕೈಯಿತ್ತು. 1932ರಲ್ಲಿ ನಿವೃತ್ತರಾದಾಗ ಅವರ ಸ್ಥಾನಕ್ಕೆ ಎಚ್.ಸಿ. ಜವರಾಯರು ಬಂದರು. ಆದರೆ ಊರು ಅವರನ್ನು ನೆನೆಯುವುದು ಇಷ್ಟೆಲ್ಲ ಕೆಲಸಕ್ಕಾಗಿ ಅಲ್ಲ. ಮರಗಳಿಗೆ ಸರದಿ ಹಾಕಿದವರು ಎಂಬ ಒಂದೇ ಕಾರಣಕ್ಕಾಗಿ. ಒಂದು ಬೀದಿಯ ಮರಗಳು ಹೂವುದುರಿಸಿ ಬಡವಾಗುವ ಹೊತ್ತಿಗೆ ಇನ್ನೊಂದು ಬೀದಿಯವು ಸಿರಿವಂತವಾಗಬೇಕು; ವರ್ಷದ ಯಾವ ತಿಂಗಳಲ್ಲಿಯೂ ನಗರ ಹೂವಿಲ್ಲದೆ ಇರಬಾರದು. ಇದು ಆ ವಿಚಾರ. ಹೇಳುವುದಕ್ಕೆ ಇಷ್ಟೇ ಸರಳ. ಮಾಡಿ ತೋರಿಸಬೇಕಾದರೆ, ತಾನು ನೆಟ್ಟ ಮರ ಮೈತುಂಬ ಅರಳುವುದನ್ನು ತಾನು ಕಾಣದೆಯೂ ಹೋಗಬಹುದೆಂದು ಒಪ್ಪಿಕೊಂಡಿರಬೇಕು.

ಆ ಸರದಿಯನ್ನು ಒಮ್ಮೆ ಹಿಂಬಾಲಿಸಿ ನೋಡಿ. ಪಂಚಾಂಗದ ವಸಂತ ಚೈತ್ರದಲ್ಲಿ ಹುಟ್ಟಿದರೂ ಬೆಂಗಳೂರಿನ ಮರಗಳ ವಸಂತ ಮಾಘದಲ್ಲಿಯೇ ಕಣ್ಣು ಬಿಡುತ್ತದೆ. ಸಂಕ್ರಾಂತಿಯ ಚಳಿ ಸಡಿಲುವ ಹೊತ್ತಿಗೆ ಎಲೆಯೆಲ್ಲ ಕಳಚಿ ನಿಂತ ಟಬೂಬಿಯಾ ಮೈತುಂಬ ಗುಲಾಬಿ ಬಣ್ಣ ತಳೆಯುತ್ತದೆ. ಅದರ ಹಿಂದೆಯೇ, ಕೆಲವೊಮ್ಮೆ ಅದರ ಜೊತೆಗೇ, ಬೂದುಬಣ್ಣದ ಸೊಟ್ಟ ಕೊಂಬೆಗಳ ಹಳದಿ ಟಬೂಬಿಯಾ. ಹಳದಿಯದು ಬಹಳ ದಿನದ ವೈಭವವಲ್ಲ. ಒಂದು ವಾರ ಊರಿಗೆ ಹೋಗಿ ಬಂದರೆ ಮರದ ಮೇಲಿದ್ದದ್ದು ನೆಲದ ಮೇಲಿರುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಜಕರಾಂಡದ ನೇರಿಳೆ. ಕಬ್ಬನ್ ಪಾರ್ಕಿನ ಹಾದಿಯಲ್ಲಿ ಬೆಳಗ್ಗೆ ಆರೂವರೆಗೆ ಆ ಬಣ್ಣವನ್ನು ನೋಡಬೇಕು. ಬಿಸಿಲೇರಿದ ಮೇಲೆ ಅದು ಆಕಾಶದೊಳಗೆ ಕರಗಿಹೋಗುತ್ತದೆ. ಯುಗಾದಿಗೆ ಹೊಂಗೆ. ಹೊಂಗೆಯ ಹೂವಿಗಿಂತ ಮೊದಲು ಬರುವ ಅದರ ಎಳೆ ಎಲೆಯ ಹೊಳಪೇ ಸಾಕು, ಎಣ್ಣೆ ಸವರಿದಂತೆ. ಆಮೇಲೆ ನಸುಗೆಂಪು ಬೆರೆತ ಬಿಳಿಯ ಸಣ್ಣ ಹೂಗಳು ಸದ್ದಿಲ್ಲದೆ ಬಿದ್ದು ಚಪ್ಪಲಿಗೆ ಅಂಟಿಕೊಳ್ಳುತ್ತವೆ. ಏಪ್ರಿಲಿನಲ್ಲಿ ಹಳದಿ ಗುಲ್‌ಮೊಹರ್ ಎಂದು ಜನ ಕರೆಯುವ ಪೆಲ್ಟೋಫೋರಂ, ಕಕ್ಕೆಯ ತೂಗುಗೊಂಚಲು, ಹೊಳೆದಾಸವಾಳ. ಕೊನೆಗೆ ಕೆಂಪು ಗುಲ್‌ಮೊಹರ್, ಮಳೆ ಬಂದು ಅದನ್ನು ಬೀದಿಗೆ ಚೆಲ್ಲುವತನಕ. ವರ್ಷದ ಇನ್ನರ್ಧಕ್ಕೂ ಹೂಗಳಿವೆ. ದೀಪಾವಳಿಯ ಹೊತ್ತಿನ ಆಕಾಶಮಲ್ಲಿಗೆಯ ವಾಸನೆ ಗೊತ್ತಿಲ್ಲದ ಬೆಂಗಳೂರಿಗರಿಲ್ಲ. ಆದರೆ ಇಂದಿನ ಮಾತು ವಸಂತದ್ದು.

ಬೇಸಗೆಯ ಒಣನೆಲದಲ್ಲಿ ಈ ಮರಗಳು ಎಲೆಯುದುರಿಸಿ ಹೂಬಿಡುವುದೇಕೆ ಎಂದು ಕೇಳಬಹುದು. ನೀರು ಕಡಿಮೆಯಾದಾಗ ಎಲೆಯನ್ನು ಕಳಚಿದರೆ ಮರಕ್ಕೆ ಉಳಿತಾಯ. ಬರಿದಾದ ಕೊಂಬೆಯ ಮೇಲಿನ ಹೂ ದುಂಬಿಗೂ ಹಕ್ಕಿಗೂ ದೂರದಿಂದ ಕಾಣುತ್ತದೆ. ಬೇಗ ಕಾಯಿಗಟ್ಟಿದರೆ ಬೀಜ ಮಳೆಗಾಲದ ನೆಲಕ್ಕೆ ಬೀಳುತ್ತದೆ. ನಮ್ಮ ಮುತ್ತುಗ, ಬೂರುಗಗಳ ಲೆಕ್ಕಾಚಾರವೂ ಇದೇ. ಚಳಿಗಾಲದಲ್ಲಿ ಅಕಾಲ ಮಳೆಯಾದ ವರ್ಷ ಟಬೂಬಿಯಾ ಗೊಂದಲಕ್ಕೆ ಬೀಳುತ್ತದೆ. ಹೂವು ತಡವಾಗುತ್ತದೆ, ಇಲ್ಲವೆ ತೆಳುವಾಗುತ್ತದೆ.

ನನ್ನನ್ನು ಬೆರಗುಗೊಳಿಸಿದ ಇನ್ನೊಂದು ಸಂಗತಿಯಿದೆ. ಜಕರಾಂಡದ ತವರು ಅರ್ಜೆಂಟೀನ, ಬೊಲಿವಿಯಾಗಳ ನಾಡು. ಅಲ್ಲಿ ಅದು ಅರಳುವುದು ಅಕ್ಟೋಬರ್, ನವೆಂಬರಿನಲ್ಲಿ, ಏಕೆಂದರೆ ಭೂಮಿಯ ಆ ಅರ್ಧಕ್ಕೆ ಆಗ ವಸಂತ. ಗುಲ್‌ಮೊಹರಿನ ತವರು ಮಡಗಾಸ್ಕರ್ ದ್ವೀಪ. 1820ರ ದಶಕದಲ್ಲಿ ಬೋಯರ್ ಎಂಬ ಸಸ್ಯವಿಜ್ಞಾನಿ ಅದನ್ನು ಅಲ್ಲಿ ಕಂಡು ಮಾರಿಷಸ್ಸಿಗೆ ತಂದ. ಅಲ್ಲಿಂದ ಅದು ಲೋಕವನ್ನೆಲ್ಲ ಸುತ್ತಿತು. ಅದೂ ತನ್ನ ದ್ವೀಪದಲ್ಲಿ ವರ್ಷದ ಕೊನೆಯಲ್ಲಿ ಅರಳುವ ಮರ. ಭೂಮಧ್ಯರೇಖೆಯನ್ನು ದಾಟಿ ಬಂದ ಈ ಮರಗಳು ತಮ್ಮ ಹಳೆಯ ತಿಂಗಳುಗಳನ್ನು ಬಿಟ್ಟು ನಮ್ಮ ಚೈತ್ರ ವೈಶಾಖಗಳನ್ನು ಕಲಿತುಕೊಂಡವು. ಊರು ಬಿಟ್ಟು ಊರಿಗೆ ಬಂದು ಐವತ್ತು ವರ್ಷವಾದರೂ ನಮ್ಮಲ್ಲಿ ಕೆಲವರು ಇಲ್ಲಿಯ ಬಾಷೆಯನ್ನು ಕಲಿಯಲು ಪಡುವ ಪಾಡನ್ನು ನೆನೆದರೆ ಮರವೇ ಜಾಣ ಎನ್ನಿಸುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಫೆಬ್ರವರಿ ಬಂದಿತೆಂದರೆ ಬೆಂಗಳೂರಿನ ಪ್ರತಿಯೊಂದು ಗುಲಾಬಿ ಮರವನ್ನೂ ಕೃಂಬಿಗಲ್ಲರ ಖಾತೆಗೆ ಬರೆಯುವ ಪದ್ಧತಿ ಬೆಳೆದಿದೆ. ಸ್ವಲ್ಪ ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಅವರು ನಿವೃತ್ತರಾದದ್ದು 1932ರಲ್ಲಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಜಯನಗರದ ಬೀದಿಮರಗಳನ್ನು ಅವರು ನೆಟ್ಟಿರಲು ಹೇಗೆ ಸಾಧ್ಯ? ಗುಲ್‌ಮೊಹರಾದರೋ ಅವರು ಹುಟ್ಟುವುದಕ್ಕೂ ಮೊದಲೇ ಭಾರತಕ್ಕೆ ಬಂದ ಮರ. ಇಂದು ನಾವು ಕಾಣುವ ಹೂಮರಗಳಲ್ಲಿ ಬಹುಪಾಲು ಆಮೇಲಿನವರ ಕೈಯವು. 1982ರಿಂದ ಸುಮಾರು ಐದು ವರ್ಷಗಳ ಕಾಲ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳುತನದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಬೋಳಾಗತೊಡಗಿದ್ದ ಊರು ಮತ್ತೆ ನೆರಳು ಕಂಡದ್ದು ಆ ಕೆಲಸದಿಂದ. ಗುಲ್‌ಮೊಹರಿನ ಸಸಿ ಹುಡುಕಿ ನಾನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದದ್ದೂ ಆ ದಶಕ ಮುಗಿಯುತ್ತಿದ್ದ ಹೊತ್ತಿಗೇ. ಬೀದಿಗೆ ಬೀದಿಯೇ ಗುಂಡಿ ತೋಡಿದ್ದನ್ನು ನೋಡಿ ನನಗೂ ಹುರುಪು ಬಂದಿತ್ತು. ಹೀಗೆ ಹೇಳಿದರೆ ಕೃಂಬಿಗಲ್ಲರ ಹಿರಿಮೆ ಕುಗ್ಗುವುದಿಲ್ಲ. ಒಬ್ಬರ ಯೋಚನೆ ಅವರ ಕಾಲದ ಮರಗಳಿಗಿಂತ ಹೆಚ್ಚು ಕಾಲ ಬಾಳಿತು ಎಂಬುದು ಅಷ್ಟು ಸುಲಭವಾಗಿ ಎಲ್ಲರಿಗೂ ದಕ್ಕುವ ಭಾಗ್ಯವಲ್ಲ.

ಆದರೆ ನನ್ನ ಮುರಿದ ಗೋಡೆ ನನ್ನಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳಿಸಿತು. ಹೂವನ್ನೇ ಮುಂದಿಟ್ಟುಕೊಂಡು ಬೀದಿಮರವನ್ನು ಆರಿಸಬಹುದೆ? ನಮ್ಮ ಹಿರಿಯರು ಹಾಗೆ ಆರಿಸಿದ್ದು ಕಡಿಮೆ. ಅಶೋಕನ ಶಾಸನ ದಾರಿಯ ಪಕ್ಕದಲ್ಲಿ ಆಲದ ಮರ ನೆಡಿಸಿದ್ದನ್ನು ಹೇಳುತ್ತದೆ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು. ಇಪ್ಪತ್ತನೆಯ ಶತಮಾನದಲ್ಲಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ನೆಟ್ಟದ್ದೂ ಆಲವನ್ನೇ. 1898ರ ಪ್ಲೇಗಿನ ತರುವಾಯ ಹುಟ್ಟಿದ ಮಲ್ಲೇಶ್ವರದಲ್ಲಿ ಒಂದು ರಸ್ತೆಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು, ಅದೂ ಮಾರ್ಗೋಸಾ ಎಂಬ ಪರಭಾಷೆಯ ವೇಷದಲ್ಲಿ. ಸಂಪಿಗೆಯಲ್ಲಿ ಹೂವೂ ಇದೆ, ನೆರಳೂ ಇದೆ. ಮುಡಿಯುವವರಿಗೂ ಪೂಜಿಸುವವರಿಗೂ ಆಗುತ್ತದೆ. ಸಾಲುಮರಕ್ಕೆ ನೆರಳು ಮೊದಲು, ಹಣ್ಣು ಆಮೇಲೆ. ಹೂವು ದೇವರು ಕೊಟ್ಟರೆ ಉಂಟು. ಆ ಮರಗಳೋ, ಗಾಳಿಗೆ ಹೆದರುವಂಥವಲ್ಲ.

ಪರದೇಶದ ಮರಗಳೆಂಬ ಕಾರಣಕ್ಕೇ ಇವನ್ನೆಲ್ಲ ಹಳಿಯುವವರಿದ್ದಾರೆ. ಆ ವಾದದಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ. ಶಿವನ ಗುಡಿಯ ಅಂಗಳದಲ್ಲಿ ಭಕ್ತಿಯಿಂದ ಬೆಳೆಸುವ ನಾಗಲಿಂಗಪುಷ್ಪದ ಮರ ದಕ್ಷಿಣ ಅಮೆರಿಕದ್ದು. ಗುಡಿಯ ಬಾಗಿಲಲ್ಲೇ ನಿಂತಿರುವ ದೇವಕಣಗಿಲೆಯೂ ಅಮೆರಿಕ ಖಂಡದಿಂದ ಬಂದದ್ದು. ಹೆಡೆಯೆತ್ತಿದ ಹಾವು, ಅದರಡಿಯಲ್ಲಿ ಲಿಂಗ ಎಂದು ನಮ್ಮವರು ಆ ಹೂವಿನಲ್ಲಿ ತಮ್ಮ ದೇವರನ್ನು ಕಂಡುಕೊಂಡರು; ಅದರ ರಹದಾರಿಯನ್ನು ಯಾರೂ ಕೇಳಲಿಲ್ಲ. ಆದರೆ ಇನ್ನೊಂದು ದೂರು ನ್ಯಾಯವಾದದ್ದೆಂದು ನನಗೆ ತೋರುತ್ತದೆ. ಸರದಿಗೆ ಮರಗಳನ್ನು ಆರಿಸುವಾಗ ನಮ್ಮ ಕಾಡಿನವಕ್ಕೆ ಸಿಕ್ಕ ಪಾಲು ಕಡಿಮೆ. ಮುತ್ತುಗವನ್ನೇ ನೋಡಿ. ಫಾಲ್ಗುಣದಲ್ಲಿ ತುಮಕೂರಿನ ಕಡೆಗೆ ಬಸ್ಸಿನಲ್ಲಿ ಹೋದರೆ ಕುರುಚಲು ಗುಡ್ಡಗಳ ನಡುವೆ ಬೆಂಕಿ ಹತ್ತಿದಂತೆ ನಿಂತಿರುತ್ತದೆ. ಸಂಸ್ಕೃತ ಕವಿಗಳು ಪಲಾಶವೆಂದೂ ಕಿಂಶುಕವೆಂದೂ ಹೊಗಳಿದ ಮರ. ನಗರದೊಳಗೆ ಅದನ್ನು ಕಾಣಲು ಹುಡುಕಬೇಕು. ಅದರ ಹೂ ಜಕರಾಂಡಕ್ಕಿಂತ ಯಾವ ಮಾತಿನಲ್ಲಿ ಕಡಿಮೆ? ಗಂಟುಗಂಟಾದ ಕಾಂಡ, ನಿಧಾನದ ಬೆಳವಣಿಗೆ, ಅಂಕುಡೊಂಕು ರೂಪು. ಸಾಲಾಗಿ ನಿಲ್ಲಿಸಿದರೆ ಸಿಪಾಯಿಯಂತೆ ನಿಲ್ಲುವ ಮರವಲ್ಲ ಅದು. ಬೀದಿಯ ಅಂದಕ್ಕೆ ನೇರ ಕಾಂಡ ಬೇಕೆಂದು ತೀರ್ಮಾನಿಸಿದ ದಿನವೇ ಮುತ್ತುಗ ಊರ ಹೊರಗೆ ಉಳಿಯಿತೆಂದು ನನ್ನ ಊಹೆ.

ಸರದಿಯೆಂಬುದರಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಒಂದು ಮರ ಹೋದರೆ ಒಂದು ಮರವಷ್ಟೇ ಹೋದಂತೆ. ಒಂದು ಸಾಲು ಹೋದರೆ ವರ್ಷದಲ್ಲಿ ಹದಿನೈದು ದಿನ ಖಾಲಿಯಾಗುತ್ತದೆ. 2009ರಲ್ಲಿ ಮೆಟ್ರೋ ರೈಲಿನ ದಾರಿಗಾಗಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಮರಗಳನ್ನು ಕಡಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಅವರೊಳಗೆ ನಾನೂ ಒಂದು ಬೆಳಗ್ಗೆ ಹೋಗಿ ನಿಂತಿದ್ದೆ. ನಿಂತದ್ದಕ್ಕಿಂತ ಹೆಚ್ಚೇನನ್ನೂ ಮಾಡಲಿಲ್ಲ. ಈಗ ಆ ರೈಲಿನಲ್ಲಿ ನಾನೂ ಓಡಾಡುತ್ತೇನೆ, ಅದರ ಅನುಕೂಲವನ್ನು ಅಲ್ಲಗಳೆಯುವಷ್ಟು ಕೃತಘ್ನನಲ್ಲ. ಕಿಟಕಿಯಿಂದ ಮರಗಳ ತುದಿ ಮೇಲಿನಿಂದ ಕಾಣುತ್ತದೆ. ಬೆಂಗಳೂರಿನ ವಸಂತವನ್ನು ಹಕ್ಕಿಯ ಎತ್ತರದಿಂದ ನೋಡುವ ಅವಕಾಶ ಕೃಂಬಿಗಲ್ಲರಿಗೂ ಸಿಕ್ಕಿರಲಿಲ್ಲ. ಆದರೆ ಆ ಎತ್ತರದಿಂದ ನೋಡುವಾಗಲೇ ಹೂವು ಎಲ್ಲೆಲ್ಲಿ ತುಂಡಾಗಿದೆಯೆಂಬುದೂ ಕಾಣುವುದು. ಹೊಸ ಮರ ಎಲ್ಲಿಯೋ ದೂರದ ಬಡಾವಣೆಯಲ್ಲಿ ನೆಡುತ್ತೇವೆ ಎಂದು ಹೇಳುವವರು ಸಂಖ್ಯೆಯನ್ನು ಸರಿದೂಗಿಸಬಲ್ಲರು, ತಿಂಗಳನ್ನು ಸರಿದೂಗಿಸಲಾರರು.

ಕೃಂಬಿಗಲ್ಲರು ನಿವೃತ್ತಿಯ ನಂತರವೂ ಬೆಂಗಳೂರಿನಲ್ಲಿಯೇ ಉಳಿದರು. 1956ರ ಫೆಬ್ರವರಿಯಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಫೆಬ್ರವರಿಯೆಂದರೆ ಟಬೂಬಿಯಾದ ತಿಂಗಳು. ಆ ವರ್ಷ ಮರಗಳು ಬೇಗ ಅರಳಿದ್ದವೋ ತಡವೋ ಎಂದು ತಿಳಿಯುವ ಆಸೆ ನನಗಿದೆ. ಹಳೆಯ ಪತ್ರಿಕೆಗಳಲ್ಲಿ ಅಂಥ ಸುದ್ದಿಯನ್ನು ಯಾರೂ ಅಚ್ಚುಮಾಡುವುದಿಲ್ಲ.

ಇನ್ನು ನನ್ನ ಮನೆಯ ಮುಂದಿನ ಗುಂಡಿಯ ವಿಚಾರ. ಗುಲ್‌ಮೊಹರ್ ಬಿದ್ದ ಜಾಗ ಒಂದು ವರ್ಷ ಹಾಗೆಯೇ ಇತ್ತು. ಮಗ ಅಲ್ಲಿ ಕಾರು ನಿಲ್ಲಿಸೋಣವೆಂದ. ಮನೆಯಾಕೆ ನುಗ್ಗೆ ಹಾಕಿದರೆ ಸಾರಿಗಾದರೂ ಆಗುತ್ತದೆಂದಳು. ನಾನು ಬೀದಿಯ ಉದ್ದಕ್ಕೂ ಒಂದು ಸಲ ನಡೆದು ಯಾವ ಯಾವ ಮರವಿದೆಯೆಂದು ಬರೆದುಕೊಂಡು ಬಂದೆ. ಎರಡು ಗುಲಾಬಿ ಟಬೂಬಿಯಾ, ಆರು ಹೊಂಗೆ, ಒಂದು ಆಕಾಶಮಲ್ಲಿಗೆ, ಎದುರುಮನೆಯವರ ಬೇವು. ಏಪ್ರಿಲಿನ ಎರಡನೆಯ ವಾರದಿಂದ ಮಳೆಯವರೆಗೆ ನಮ್ಮ ಬೀದಿಗೆ ಹೂವೇ ಇಲ್ಲ. ಅಷ್ಟು ದಿನವನ್ನೂ ಒಬ್ಬಂಟಿಯಾಗಿ ಹೊತ್ತಿದ್ದದ್ದು ನಮ್ಮ ಬಿದ್ದುಹೋದ ಮರ. ಆ ಕಾಗದವನ್ನು ಹಿಡಿದುಕೊಂಡು ಸಸ್ಯಕ್ಷೇತ್ರಕ್ಕೆ ಹೋಗಿ ಒಂದು ಕಕ್ಕೆಯ ಸಸಿ ತಂದೆ. ನಮ್ಮ ನಾಡಿನದೇ ಮರ, ಗುಲ್‌ಮೊಹರಿನಷ್ಟು ಹರಡುವುದಿಲ್ಲ, ಗೋಡೆಗೂ ಅಷ್ಟು ಭಯವಿಲ್ಲ. ಮೊದಲ ವರ್ಷಗಳಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆಂದು ಸಸಿ ಕೊಟ್ಟವರು ಎಚ್ಚರಿಸಿದ್ದರು. ನೆಟ್ಟು ನಾಲ್ಕು ವರ್ಷವಾಯಿತು; ಈಗ ನನ್ನ ಹೆಗಲಿಗಿಂತ ಎರಡು ಗೇಣು ಎತ್ತರಕ್ಕೆ ಬಂದಿದೆ. ಈ ಏಪ್ರಿಲಿನಲ್ಲಿ ದಿನವೂ ಬೆಳಗ್ಗೆ ಕಾಫಿ ಹಿಡಿದುಕೊಂಡು ಹೋಗಿ ನೋಡಿದೆ. ಎಲೆ ಉದುರಿತ್ತು, ಹೊಸ ಎಲೆ ತಾಮ್ರದ ಬಣ್ಣದಲ್ಲಿ ಚಿಗುರಿತ್ತು. ಹೂವು ಬಂದಿರಲಿಲ್ಲ.